ದುರ್ಗವ್ವ ಗೆದ್ದ ಪಿಂಚಣಿ

ಇಚಲಕರಂಜಿಯ ಯಲಗೂರಪ್ಪ ಸೀನಿದರೆ ಗಡಹಿಂಗ್ಲಜದಲ್ಲಿ ಎತ್ತುಗಳು ಹಗ್ಗ ಹರಿದುಕೊಂಡು ಓಡುತ್ತಿದ್ದವಂತೆ. ಹೀಗೆ ಹೇಳುತ್ತಿದ್ದವನು ಯಲಗೂರಪ್ಪನೇ. ಅವನ ಹೆಂಡತಿ ದುರ್ಗವ್ವ ಜೀವಮಾನವೆಲ್ಲ ಅದೇ ಸೀನಿನ ಪಕ್ಕದಲ್ಲಿ ಮಲಗಿದವಳು. ಅವಳ ಕಿವಿಯ ಬುಗುಡಿ ಕೂಡ ಒಂದು ದಿನವೂ ಅಲುಗಿರಲಿಲ್ಲ.

ಅರವತ್ನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಯಲಗೂರಪ್ಪ ತನ್ನ ಎರಡೂ ಪವರ್‌ಲೂಮ್ ಮಾರಿಬಿಟ್ಟ. ಮಕ್ಕಳಿಲ್ಲ, ಕಣ್ಣು ಮಂಜು. ಆ ಗಂಟಿನಲ್ಲೇ ಇಬ್ಬರ ಮುಪ್ಪು ಕಳೆಯಬೇಕು. ಸುದ್ದಿ ಹಿಡಿದು ನಾಂದಣಿಯ ವಿಮೆ ಏಜೆಂಟ್ ಪಾರೀಸ ಸೈಕಲ್ ತುಳಿದು ಬಂದ. ಪಡಸಾಲೆಯಲ್ಲಿ ಕೂತು, ಚಹಾದ ಬಟ್ಟಲು ಹಿಡಿದು, ಬಿಡಿಸಿ ಹೇಳಿದ.

"ಕಾಕಾ, ಈ ಗಂಟು ವಿಮಾ ಕಂಪನಿಗೆ ಒಮ್ಮೆ ಕಟ್ಟಿದ್ರಿ ಅಂದ್ರ ತಿರುಗಿ ಸಿಗಂಗಿಲ್ಲ. ಅದರ ಬದಲಿ ತಿಂಗಳಾ ತಿಂಗಳಾ ಪಿಂಚಣಿ ಬರತೈತಿ. ನಿಮ್ಮೊಬ್ಬರ ಜೀವದ ಮ್ಯಾಲ ಮಾಡ್ಸಿದ್ರ ಜಾಸ್ತಿ, ಖರೆ ನೀವು ಕಣ್ಣು ಮುಚ್ಚಿದ್ರಿ, ಅದೂ ಬಂದ್. ಇಬ್ಬರ ಜೀವದ ಮ್ಯಾಲ ಮಾಡ್ಸಿದ್ರ ಜರಾ ಕಡಿಮಿ, ಆದ್ರ ಹಿಂದ ಉಳಿದವರಿಗೆ ಅವರ ಜೀವ ಇರೂತನಕ ಬರತೈತಿ. ಹೆಬ್ಬೆಟ್ಟು ಒತ್ತಿದ ಮ್ಯಾಲ ಬದಲಿ ಮಾಡಾಕ ಬರಂಗಿಲ್ಲ. ವಿಚಾರ ಮಾಡ್ರಿ."

"ವಿಚಾರ ಏನ ಬಂತೋ? ನನ್ನೊಬ್ಬಂದ ಬರಿ!" ಎಂದ ಯಲಗೂರಪ್ಪ.

ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ದುರ್ಗವ್ವನ ರಾಟಿ ನಿಂತಿತು. "ಮತ್ತ ನಿಮ್ಮ ಹಿಂದ ನಾ ಏನ ತಿನ್ನಲ್ರಿ?"

"ನನ್ನ ಹಿಂದ? ನಿನ್ನ ಮಣ್ಣ ಮಾಡಿ, ನಿನ್ನ ದಿವಸದ ಊಟಾ ಉಂಡು, ಮ್ಯಾಲ ಇಪ್ಪತ್ತು ವರ್ಷ ಇರಾಂವ ನಾ! ಕೊಲ್ಹಾಪುರದ ಮೈದಾನದಾಗ ನಾ ಎತ್ತಿ ಒಗದ ಪೈಲವಾನ ಪಂಚಗಂಗಾ ದಾಟಿ ಬಿದ್ದಾನ. ಇಬ್ಬರದೂ ಅಂತ ಬರಿಸಿದ್ರ, ಹೆಂಡ್ತಿಗಿಂತ ಮೊದಲ ಸಾಯ್ತೇನಿ ಅಂತ ನಾನ ಬರಕೊಟ್ಟಂಗ ಆತಲ್ಲ! ಊರಾಗ ಮೀಸಿ ಹೆಂಗ ತಿರುವ್ಲಿ?"

ದುರ್ಗವ್ವನ ಕಣ್ಣ ಮುಂದೆ ತಂಗಿ ಮಲಕವ್ವ ಬಂದಳು. ಗಂಡ ಸತ್ತ ಮೇಲೆ ಗಡಹಿಂಗ್ಲಜದಲ್ಲಿ ಮೈದುನನ ಮನೆ ಸೇರಿದವಳು. ಮುಸುರೆ ತಿಕ್ಕಿ, ಒದೆ ತಿಂದು, ನಾಯಿಗೆ ಹಾಕಿ ಮಿಕ್ಕ ರೊಟ್ಟಿ ತಿನ್ನುತ್ತಿದ್ದಳು.

ಯಲಗೂರಪ್ಪ ಹೆಬ್ಬೆಟ್ಟನ್ನು ಶಾಯಿಗೆ ಅದ್ದಿ ಕಾಗದದ ಮೇಲೆ ತಂದ. ದುರ್ಗವ್ವನ ಕೈಗೆ ಸಿಕ್ಕಿದ್ದು ಮಗ್ಗದ ಹಳೆಯ ಲಾಳಿ, ಎರಡೂ ತುದಿಗೆ ಉಕ್ಕಿನ ಮೊನೆ. ಬೀಸಿ ಒಗೆದಳು. ಹೆಬ್ಬೆಟ್ಟು ಜಜ್ಜಿತು, ಉಗುರು ಹಾರಿ ಪಾರೀಸನ ಚಹಾದಲ್ಲಿ ಬಿತ್ತು.

"ಕೊಂದ್ಲಲೇ!" ಯಲಗೂರಪ್ಪ ಬಾಗಿಲ ಅಗಳಿ ಕಿತ್ತು ಅವಳ ಬಾಯಿಗೇ ಬಿಟ್ಟ. ದುರ್ಗವ್ವ ಮುರಿದ ಹಲ್ಲು ಉಗುಳಿದಳು. "ಇಷ್ಟನ ಏನ್ಲೇ ಮುದುಕಾ, ಪೈಲವಾನಾ?" ಎಂದು ಒನಕೆ ಎತ್ತಿದಳು.

ಪಾರೀಸ ನಡುವೆ ಬಂದ. "ಕಾಕೂ, ತಡೀರಿ, ಮೂರನೇ ನಮೂನಿನೂ ಐತ್ರಿ..." ಒನಕೆ ಅವನ ಹೆಗಲ ಮೇಲೆ ಬಿತ್ತು. ಎಲುಬು ಮುರಿದ ಸದ್ದಿಗೆ ಉದಗಾಂವದ ತನಕ ಕಾಗೆ ಎದ್ದವು.

ಯಲಗೂರಪ್ಪ ಹೆಂಡತಿಯನ್ನು ನಡು ಹಿಡಿದು ಎತ್ತಿ ಒಗೆದ. ಅವಳು ಒಂದು ಕೈಯಲ್ಲಿ ಅವನ ಮೀಸೆ, ಇನ್ನೊಂದರಲ್ಲಿ ಒನಕೆ ಹಿಡಿದವಳು ಎರಡನ್ನೂ ಬಿಡಲಿಲ್ಲ. ಇಬ್ಬರೂ ಮಣ್ಣಿನ ಗೋಡೆ ಒಡೆದುಕೊಂಡು ಪಕ್ಕದವರ ಮಗ್ಗದ ಶೆಡ್ಡಿಗೆ ಬಿದ್ದರು. ಮಗ್ಗದ ಗಾಲಿಗೆ ಸುತ್ತಿ ಓಡುತ್ತಿದ್ದ ಚರ್ಮದ ಪಟ್ಟಾ ಯಲಗೂರಪ್ಪನ ಧೋತರ ಹಿಡಿಯಿತು. ಧೋತರದ ಹಿಂದೆ ಕಾಲು, ಕಾಲಿನ ಹಿಂದೆ ಪೈಲವಾನ, ಎಲ್ಲ ಗಾಲಿಯತ್ತ ಹೊರಟಿತು.

ದುರ್ಗವ್ವ ಸುಮ್ಮನೆ ನಿಂತಿದ್ದರೆ ಹೆಬ್ಬೆಟ್ಟೂ ಇಲ್ಲ, ಗಂಡನೂ ಇಲ್ಲ, ಗಂಟೆಲ್ಲ ಅವಳದೇ. ಅವಳು ಒನಕೆಯನ್ನು ಗಾಲಿಗೆ ತುರುಕಿದಳು. ಪಟ್ಟಾ ಹರಿದು ಹಾವಿನಂತೆ ಬಡಿದು ಅವಳ ಕೆನ್ನೆ ಸೀಳಿತು. ನೇಯುತ್ತಿದ್ದ ಬಿಳಿ ಬಟ್ಟೆಗೆ ಕೆಂಪು ಅಂಚು ಬಂತು. ಅವಳು ಗಂಡನ ಎದೆಯ ಮೇಲೆ ಕೂತಳು.

"ಈಗ ಹೇಳಲೇ. ಯಾರು ಮೊದಲ?"

ಕೆಳಗೆ ಪಕ್ಕೆಲುಬು ಕಟಕಟ ಎಂದವು. "ಪಾರೀಸಾ," ಯಲಗೂರಪ್ಪ ನರಳಿದ, "ಇಬ್ಬರದೂ ಬರಿಯೋ. ಈಕಿ ಸಾಯೂ ಪೈಕಿ ಅಲ್ಲ."

ಪಾರೀಸ ಒಡೆದ ಗೋಡೆಯಿಂದ ತೂರಿ ಬಂದು ಒಂದೇ ಕೈಯಲ್ಲಿ ಇಬ್ಬರ ಹೆಸರಿನ ಕಾಗದ ಚಾಚಿದ. "ಒತ್ರಿ ಕಾಕಾ. ಶಾಯಿ ಬ್ಯಾಡ, ರಗತನ ಭಾಳ ಐತಿ."

ನಾಲ್ಕು ವರ್ಷ ಪಿಂಚಣಿ ಉಂಡು ಯಲಗೂರಪ್ಪ ಕಾಮಾಲೆಯಿಂದ ಹೋದ. ಮರುತಿಂಗಳು ದುಡ್ಡು ದುರ್ಗವ್ವನ ಹೆಸರಿಗೆ ಬಂತು. ಸೆರಗಿಗೆ ಗಂಟು ಹಾಕಿ ಗಡಹಿಂಗ್ಲಜದ ಬಸ್ಸು ಹತ್ತಿದಳು. ಮಲಕವ್ವನ ಮೈದುನ ಬಡಿಗೆ ಹಿಡಿದು ಹೊಸ್ತಿಲಲ್ಲಿ ನಿಂತ.

"ಪುಕ್ಕಟೆ ಆಳು ಬಿಟ್ಟುಕೊಡಾಕ ನಾ ಹುಚ್ಚನೇನ?"

ದುರ್ಗವ್ವ ಕಿತ್ತುಕೊಂಡ ಬಡಿಗೆ ಅವನ ದವಡೆಯ ಮೇಲೆಯೇ ಮುರಿಯಿತು. "ನಡಿ ತಂಗಿ, ತಿಂಗಳಾ ರೊಕ್ಕ ಬರತೈತಿ, ಇಬ್ಬರಿಗೂ ಸಾಕು," ಎಂದು ದುರ್ಗವ್ವ ಮಲಕವ್ವನ ಕೈ ಹಿಡಿದಳು. ಅವರು ಓಣಿ ದಾಟುವಾಗ ಅವನ ಹಲ್ಲುಗಳನ್ನು ಕೋಳಿಗಳು ಜೋಳವೆಂದು ಹೆಕ್ಕುತ್ತಿದ್ದವು.