ವಿಷಗಾಳಿಯ ಪಾಠ

ಮಗಳ ಶಾಲೆಯ ಪಕ್ಕದ ಕಾರ್ಖಾನೆಯಿಂದ ವಿಷಗಾಳಿ ಸೋರಿದೆ ಎಂದು ತಿಳಿದಾಗ ಶಾಲೆಗಳಿಗೆ ಪಾಠ ಬಿತ್ತರಿಸುವ ರೇಡಿಯೊದ ಟೀಚರಮ್ಮನಿಗೆ ಜೀವವೇ ಬಾಯಿಗೆ ಬಂತು. ಹೇಳೋಣವೆಂದರೆ, ಪಾಠದ ರೇಡಿಯೊದಲ್ಲಿ ಸುದ್ದಿ ಓದಬಾರದೆಂದು ಸರ್ಕಾರದ ನಿಯಮ.

“ಸುದ್ದಿ ಅಂತ ಬಾಯಿಬಿಟ್ರೆ ಮೈಕ್ ಆಫ್. ಲೈಸೆನ್ಸ್ ಹೋದ್ರೆ ನೀವು ತಂದ್ಕೊಡ್ತೀರಾ?” ಎಂದು ಮ್ಯಾನೇಜರು ಸ್ವಿಚ್ಚಿನ ಮೇಲೆ ಬೆರಳಿಟ್ಟು ಕೂತ.

ಅವನ ನಿಯಮಕ್ಕಿಷ್ಟು ಬೆಂಕಿ ಹಾಕ! ಅವಳು ಸುದ್ದಿಯನ್ನೇ ಪಾಠ ಮಾಡಿದಳು. “ಮಕ್ಕಳೇ, ವಿಷಗಾಳಿ ಸೋರಿದರೆ ಮೂಗಿಗೆ ಒದ್ದೆ ಬಟ್ಟೆ ಹಿಡಿದು ತಕ್ಷಣ ದೂರ ಓಡಬೇಕು. ತಕ್ಷಣ!” ಗಂಟಲು ಕಟ್ಟುವವರೆಗೂ ಅದನ್ನೇ ಮತ್ತೆ ಮತ್ತೆ ಹೇಳಿದಳು.

ಪಾಠ ಮುಗಿದೊಡನೆ ಶಾಲೆಯಿಂದ ಮಗಳ ಫೋನು ಬಂತು.

“ಅಮ್ಮಾ, ನೀನು ಮತ್ತೆ ಮತ್ತೆ ಹೇಳಿದ್ಯಲ್ಲ, ಅದಕ್ಕೇ ನಾವೆಲ್ಲ ಕೂತು ಬರ್ಕೊಂಡ್ವಿ.” ಮಗಳು ಕೆಮ್ಮಿದಳು. “ಪರೀಕ್ಷೆಗೆ ಇದೇ ಬರುತ್ತಾ?”