ಹನ್ನೊಂದು ಸಾಲು

ಪೂರ್ಣವಿರಾಮದ ಮನೆಯಲ್ಲಿ ಧೂಳು ಕೂತಿದೆ, ಅಚ್ಚುಮೊಳೆ ಪೆಟ್ಟಿಗೆಯಲ್ಲಿ ಅದೊಂದೇ ಮನೆ ತುಂಬಿ ತುಳುಕ್ತಿದೆ, ಮಿಕ್ಕ ಅಕ್ಷರಗಳೆಲ್ಲ ತಳ ಕಂಡಿವೆ, ನಿನ್ನ ಗಂಡ ಮಾತು ನಿಲ್ಲಿಸೋದು ಯಾವಾಗಮ್ಮ ಅಂತ ಪ್ರೆಸ್ಸಿನ ಮೇಸ್ತ್ರಿ ನಗ್ತಾರೆ, ಯುದ್ಧ ಮುಗಿದು ಆರು ವರ್ಷ ಆಯ್ತು, ಯುದ್ಧಕ್ಕೆ ಹೋಗಿದ್ದ ನಮ್ಮ ಇವರಿಗಿನ್ನೂ ಮುಗಿದಿಲ್ಲ — ಹೊಸ ಥರದ ಕಾದಂಬರಿ ಅಂತೆ, ತಲೆಯೊಳಗೆ ಓಡಿದ್ದು ಓಡಿದ ಹಾಗೇ ಕಾಗದದ ಮೇಲೆ, ಒಂದು ಪೂರ್ಣವಿರಾಮವೂ ಇಲ್ಲದೆ, ಇವರ ಗೆಳೆಯರು ಮನೆ ತುಂಬ ಸಿಗರೇಟು ಸುಟ್ಟು ಹೊಗಳಿದ್ದೇ ಹೊಗಳಿದ್ದು, ಇಡೀ ಯುದ್ಧದ ಕ್ರೌರ್ಯ ಆ ಹೆಂಗಸಿನ ಕೂದಲಲ್ಲಿದೆ ಕಣಯ್ಯ, ಎಂಥಾ ರೂಪಕ! ರೂಪಕವಂತೆ, ಮಣ್ಣಂಗಟ್ಟಿ. ಯಾರ ಕೂದಲು ಅಂತ ಒಬ್ಬನೂ ಕೇಳಲಿಲ್ಲ, ನಾನು ಟೀ ಲೋಟ ಎತ್ಕೊಂಡು ಒಳಗೆ ಹೋದೆ.

ನೂರ ಹದಿನಾಲ್ಕನೇ ಪುಟ, ಸೀಸದ ಮೊಳೆಗಳು ದಾರ ಸುತ್ತಿಸ್ಕೊಂಡು ನನ್ನ ಮುಂದಿವೆ, ಪ್ರೂಫಿನ ಮೇಲೆ ಇವರ ರುಜು ಬಿದ್ದಿದೆ, ಬದಲಾಯಿಸೋದು ಒಂದೇ ಒಂದು ಅಕ್ಷರ, ರುಜು ಬಿದ್ದ ಪುಟ ಮತ್ತೆ ಯಾರೂ ಓದಲ್ಲ, ನೇರ ಯಂತ್ರಕ್ಕೆ. ಕಣ್ಣು ಅಕ್ಷರದ ಮೇಲಿರ್ಲಿ, ಕಥೆ ಮೇಲಲ್ಲ, ಮೊದಲನೇ ದಿನ ಮೇಸ್ತ್ರಿ ಹೇಳಿಕೊಟ್ಟ ಪಾಠ, ಆರು ವರ್ಷ ಪಾಲಿಸಿದೆ, ಈ ಹನ್ನೊಂದು ಸಾಲು ಬರೋ ತನಕ — ನಾವು ಕಂದಕದಲ್ಲಿ ಸಾಯುತ್ತಿದ್ದಾಗ ಅವಳು ಕನ್ನಡಿಯೆದುರು ತಲೆ ಬಾಚುತ್ತಿದ್ದಳು, ಅಧಿಕಾರಿ ನೋಡಲೆಂದು ಕಾರ್ಖಾನೆಯಲ್ಲೂ ಜಡೆ ಇಳಿಬಿಟ್ಟಳು, ಯಂತ್ರಕ್ಕೂ ಅವಳ ಮೇಲೆ ಆಸೆಯಾಯಿತು — ಆಸೆಯಂತೆ, ಥೂ ನಿನ್ನ! ನನ್ನ ತಂಗಿ ಕಣೋ ಅದು, ಹತ್ತೊಂಬತ್ತು ವರ್ಷ, ನಿಮ್ಮ ಫಿರಂಗಿಗೇ ಗುಂಡು ತಯಾರಿಸ್ತಿದ್ಲು, ದಿನಕ್ಕೆ ಹನ್ನೆರಡು ಗಂಟೆ, ಕನ್ನಡಿ ಎಲ್ಲಿತ್ತು ಅಲ್ಲಿ? ಅವಳು ಹಂಗಿರ್ಲಿಲ್ಲ ಅಂದೆ ಇವರಿಗೆ, ಇವತ್ತು ಬೆಳಿಗ್ಗೆ, ಕಪಾಳಕ್ಕೆ ಬಿತ್ತು, ತುಟಿ ಒಡೆದು ಬಾಯಿ ತುಂಬ ಉಪ್ಪು, ಕಥೆ ಕಣೇ ಅದು, ಅವಳ ತಪ್ಪು ಅಂತ ಬರೆದು ನಿನ್ನ ಉಳಿಸಿದೀನಿ, ಟೋಪಿ ವಿಷಯ ಬರೀಲಾ ಹಾಗಾದ್ರೆ, ಬರೀಲಾ?

ಟೋಪಿ. ಅವನೊಬ್ಬನಿಗೇ ಹೇಳಿದ್ದೆ, ಗಂಡ ಅಂತ. ಕಾರ್ಖಾನೆಯಲ್ಲಿ ಕೂದಲು ಮುಚ್ಚೋಕೆ ನಮ್ಮಿಬ್ಬರಿಗೂ ಒಂದೇ ಟೋಪಿ ಕೊಟ್ಟಿದ್ರು, ದಿನ ಬಿಟ್ಟು ದಿನ ಸರದಿ, ಆವತ್ತು ಅವಳದು, ನಂಗೆ ಶೀತ ಆಗಿತ್ತು, ಅಕ್ಕ ನೀನೇ ಹಾಕ್ಕೋ ಅಂದ್ಲು — ಇಲ್ಲ, ಸುಳ್ಳು, ಎಲ್ಲಿ ಅಂದ್ಲು, ಅಕ್ಕ ಇವತ್ತು ನಂದು ಅಂದ್ಲು, ಹೋಗೇ, ಒಂದಿನ ತಾನೆ, ಅಂತ ಕಿತ್ಕೊಂಡೆ, ಜಡೆ ಬಿಗಿಯಾಗಿ ಹೆಣೆದು ನೀಲಿ ರಿಬ್ಬನ್ನು ಕಟ್ಟಿದೆ, ಸಾಕು ಬಿಡು ಇಷ್ಟು ಅಂದೆ. ಹತ್ತು ಗಂಟೆಗೆ ಕೆಳಗೆ ಬಿದ್ದ ಸ್ಪ್ಯಾನರು ಎತ್ತೋಕೆ ಬಗ್ಗಿದಳು, ಜಡೆ ಯಂತ್ರದ ಬೆಲ್ಟಿಗೆ ಸಿಕ್ತು, ಕೂಗೋಕೂ ಬಿಡಲಿಲ್ಲ, ನೆತ್ತಿಯ ಚರ್ಮದ ಸಮೇತ ಕಿತ್ಕೊಂಡು ಹೋಯ್ತು, ಅವಳು ನೆಲದ ಮೇಲೆ, ಜಡೆ ಮೇಲೆ, ಬೆಲ್ಟಿನ ಜೊತೆ ಸುತ್ತುತ್ತಾ, ಯಂತ್ರ ನಿಲ್ಸೋ ಅಂತ ಯಾರೋ ಅರಚ್ತಿದ್ರು, ನನ್ನ ಟೋಪಿ ಮೇಲೆ ರಕ್ತ ಚಿಮ್ಮಿತು, ಜಡೆ ಬಂತು, ಹೋಯ್ತು, ಮತ್ತೆ ಬಂತು, ರಿಬ್ಬನ್ನು ಬಿಚ್ಚಿರಲೇ ಇಲ್ಲ, ಅಷ್ಟು ಬಿಗಿಯಾಗಿ ಕಟ್ಟಿದ್ದೆ.

ದಾರ ಬಿಚ್ಚಿದೆ. ಅವನ ಹನ್ನೊಂದು ಸಾಲು ಕಿತ್ತು ಡಬ್ಬಿಗೆ ಸುರಿದೆ, ಹಲ್ಲು ಉದುರಿದ ಹಾಗೆ ಸದ್ದು, ಮೇಸ್ತ್ರಿ ತಿರುಗಿ ನೋಡಲಿಲ್ಲ. ಹನ್ನೊಂದೇ ಇರಬೇಕು, ಒಂದು ಹೆಚ್ಚಾದ್ರೂ ಪುಟ ಉಕ್ಕುತ್ತೆ, ಸಿಕ್ಕಿಬೀಳ್ತೀನಿ. ತಂಗಿಯ ವಯಸ್ಸು, ಗುಂಡು, ಹನ್ನೆರಡು ಗಂಟೆ, ಎರಡು ತಲೆಗೆ ಒಂದು ಟೋಪಿ, ಬೆಲ್ಟು, ಚರ್ಮ — ಬೆರಳು ತಾವೇ ಮೊಳೆ ಹುಡುಕ್ತಿವೆ — ಹತ್ತು ಸಾಲು ಆಯ್ತು. ಹನ್ನೊಂದನೆಯದು ಖಾಲಿ ಬಿಟ್ರೆ ಪುಸ್ತಕದಲ್ಲಿ ನಾನು ಒಳ್ಳೇ ಅಕ್ಕ. ಅಚ್ಚಾದ ಮೇಲೆ ಅವನು ನನ್ನ ಕೊಂದೇಹಾಕ್ತಾನೆ, ಹಾಕ್ಲಿ, ಇವತ್ತು ನಂದು ಅಂದಿದ್ಲಲ್ಲ ಅವಳು. ಜೋಡಿಸಿದೆ, ಆವತ್ತು ಸರದಿ ಅವಳದು, ಟೋಪಿ ಕಿತ್ತುಕೊಂಡವಳು ನಾನು, ಧೂಳು ಊದಿ ಒಂದು ಪೂರ್ಣವಿರಾಮ ತೆಗೆದು ಕೊನೇಲಿಟ್ಟೆ.

ಆಯ್ತೇನಮ್ಮ? ಆಯ್ತು ಸರ್, ಒಂದೇ ಅಕ್ಷರ ಇತ್ತಲ್ಲ. ಪುಟ ಹೋಯ್ತು, ಮೇಸ್ತ್ರಿ ಹಿಡಿ ಎಳೆದರು, ಯಂತ್ರದ ಬೆಲ್ಟು ಎದ್ದಿತು, ಸುತ್ತಿತು, ಕಾಗದ ಬೀಳ್ತಿದೆ, ಒಂದು, ಇನ್ನೊಂದು, ಬೆಲ್ಟಿನ ಮೇಲೆ ಏನೂ ಇಲ್ಲ, ಚರ್ಮದ ಹೊಲಿಗೆ ಅಷ್ಟೇ ಅದು, ಬರುತ್ತೆ, ಹೋಗುತ್ತೆ, ಬರುತ್ತೆ, ಇಲ್ಲ ಅದು ಹೊಲಿಗೆ, ಬರುತ್ತೆ — ನೀಲಿ ರಿಬ್ಬನ್ನು, ಹೋಗುತ್ತೆ, ಬರುತ್ತೆ, ನೀಲಿ ರಿಬ್ಬನ್ನು, ಬಿಗಿಯಾಗಿ, ನೀಲಿ