ರಾಜನ ಜೇಬು

ಆಹ್ವಾನಪತ್ರದಲ್ಲಿ ತನ್ನ ಹೆಸರಿನ ಮುಂದೆ ‘ವಸ್ತ್ರವಿನ್ಯಾಸಕಿ’ ಎಂದು ಅಚ್ಚಾಗಿರುವುದನ್ನು ಕಂಡ ದಿನದಿಂದ ದರ್ಜಿಯಕ್ಕನ ನೆಮ್ಮದಿ ಹಾರಿಹೋಗಿತ್ತು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕೆಟ್ಟ ಜಿಪ್ ಬದಲಿಸುವುದು ಅವಳ ನಿತ್ಯದ ಕೆಲಸ. ಕಾರ್ಖಾನೆ ನೌಕರರ ನಾಟಕ ತಂಡಕ್ಕೆ ಇಪ್ಪತ್ತು ವರ್ಷ ಗ್ರೀಕ್ ರಾಜರ, ರೋಮನ್ ಸೇನಾಪತಿಗಳ ಉಡುಪು ಹೊಲಿದುಕೊಟ್ಟಿದ್ದಳು, ನಿಜ. ಅಷ್ಟಕ್ಕೆ ಇಷ್ಟುದ್ದದ ಪದವೇ?

“ಪ್ರಿಂಟಾಗಿ ಹೋಗಿದೆ. ಇನ್ನು ನಿನ್ನ ಕತ್ತರಿ ಅದಕ್ಕೆ ತಾಕಲ್ಲ. ಸುಮ್ನೆ ನಡಿ,” ಎಂದು ಅತ್ತಿಗೆ ಅವಳನ್ನು ಹೊರಡಿಸಿಕೊಂಡೇ ಬಂದಿದ್ದಳು.

ಗ್ರೀಕರ, ರೋಮನ್ನರ ಕಥೆ, ಶಿಲ್ಪ, ವೇಷಗಳನ್ನು ಆಮೇಲಿನ ಕಾಲದವರು ಹೇಗೆ ತಮ್ಮದಾಗಿಸಿಕೊಂಡರು ಎಂಬುದರ ಮೇಲೆ ಎರಡು ದಿನದ ಕಾರ್ಯಾಗಾರ ಅದು. ವಿಶ್ವವಿದ್ಯಾಲಯದ ಎರಡನೇ ಮಹಡಿ, ಉದ್ದನೆಯ ಮೇಜು, ಕಿಟಕಿಯ ಪ್ಲಾಸ್ಟಿಕ್ ಪಟ್ಟಿಗಳ ಪರದೆಯಲ್ಲಿ ಮುರಿದ ಒಂದು ಪಟ್ಟಿ. ಅಲ್ಲಿಂದ ನುಸುಳಿದ ಬಿಸಿಲು ಬಿಳಿ ತೆರೆಯ ಮೇಲೆ ಗೀರು ಎಳೆದಿತ್ತು. ದರ್ಜಿಯಕ್ಕ ಹಿಂದಿನ ಸಾಲಿನಲ್ಲಿ ಕುಳಿತಳು. ಮಡಿಲಲ್ಲಿ ಹಳೆಯ ಅಳತೆ ಪುಸ್ತಕವಿತ್ತು. ಯಾರಾದರೂ ಏನಾದರೂ ಕೇಳಿದರೆ ತಪ್ಪು ಹೇಳಬಾರದಲ್ಲ!

ಮಾತಾಡಲು ನಿಂತವಳು ಅವಳನ್ನು ಕರೆಸಿದ್ದ ಸಂಶೋಧಕಿ. ಆ ಹುಡುಗಿ ನಾಲ್ಕು ಸಲ ಅಂಗಡಿಗೆ ಬಂದು, ಬಟ್ಟೆ ಚೂರುಗಳ ನಡುವೆ ಸ್ಟೂಲಿನ ಮೇಲೆ ಕುಳಿತು, ಯಾವ ಬಟ್ಟೆ, ಯಾವ ಬಣ್ಣ ಎಂದೆಲ್ಲ ಕೇಳಿ ಬರೆದುಕೊಂಡಿದ್ದಳು. ಅಷ್ಟು ವರ್ಷದಲ್ಲಿ ಹಾಗೆ ಕೇಳಿದವಳು ಅವಳೊಬ್ಬಳೇ. ಆ ಋಣ ದರ್ಜಿಯಕ್ಕನ ಮನಸ್ಸಿನಲ್ಲಿತ್ತು.

ತೆರೆಯ ಮೇಲೆ ಒಂದು ಚಿತ್ರ ಮೂಡಿತು. ಬಿಳಿ ನಿಲುವಂಗಿ, ಅಂಚಿಗೆ ಕೆಂಪು ಪಟ್ಟಿ, ಬಲಗೈ ಹೊದಿಕೆಯೊಳಗೆ ಅಡಗಿಸಿ ನಿಂತ ರಾಜ. ಅವಳ ಅಣ್ಣ.

ಅಣ್ಣ ತೀರಿಕೊಂಡು ಆರು ವರ್ಷ. ಅವನು ರಾಜನಾಗಿ ನಿಂತದ್ದನ್ನು ಅವಳು ಪ್ರೇಕ್ಷಕರಂತೆ ಮುಂದಿನಿಂದ ಎಂದೂ ನೋಡಿರಲಿಲ್ಲ. ಸೂಜಿದಾರ ಹಿಡಿದು ಯಾವಾಗಲೂ ರಂಗದ ಹಿಂದೆಯೇ ಇರುತ್ತಿದ್ದಳು.

“ಈ ಕೈಯನ್ನ ನೋಡಿ,” ಎಂದಳು ಸಂಶೋಧಕಿ. “ಹೊದಿಕೆಯೊಳಗೆ ಕೈ ಇಟ್ಟು ನಿಂತ ಗ್ರೀಕ್ ಭಾಷಣಕಾರರ ಶಿಲ್ಪಗಳಿವೆ. ಸಂಯಮದ ಗುರುತು ಅದು. ನಮ್ಮ ಕಾರ್ಖಾನೆ ನಟರು ಅದನ್ನ ಎಲ್ಲೋ ಚಿತ್ರದಲ್ಲಿ ಕಂಡಿರಬೇಕು. ಎಲ್ಲ ಫೋಟೋಗಳಲ್ಲೂ ರಾಜನ ಕೈ ಅಲ್ಲೇ ಇದೆ. ದೀರ್ಘ ಮಾತಿಗೆ ಮುಂಚೆ ಈತ ಬೆನ್ನು ತಿರುಗಿಸಿ, ಮುಖಕ್ಕೆ ಹೊದಿಕೆ ಎಳೆದುಕೊಂಡು ಅತ್ತ ಅಂತ ಅಂದಿನ ಪತ್ರಿಕೆ ಹೊಗಳಿದೆ.”

ಚಪ್ಪಾಳೆ ಬಿತ್ತು. ದರ್ಜಿಯಕ್ಕ ಮಡಿಲ ಪುಸ್ತಕದಲ್ಲಿ ಅಣ್ಣನ ಅಳತೆಯ ಪುಟ ಹುಡುಕಿದಳು.

ಅಲ್ಲಿದ್ದದ್ದು ಸಂಯಮವಲ್ಲ, ಜೇಬು. ಅಣ್ಣನಿಗೆ ಉಬ್ಬಸವಿತ್ತು. ಗೊತ್ತಾದರೆ ನಿರ್ದೇಶಕರು ಪಾತ್ರ ಕಿತ್ತುಕೊಳ್ಳುತ್ತಿದ್ದರು. “ಪಂಪು ಇಡೋಕೆ ಒಂದು ಜೇಬು ಹೊಲಿದುಕೊಡೇ. ನೀನು, ನಾನು, ಸೂಜಿ, ಮೂವರಿಗೇ ಗೊತ್ತಿರ್ಲಿ,” ಎಂದಿದ್ದ. ಬೆನ್ನು ತಿರುಗಿಸಿ ಅವನು ಅತ್ತದ್ದೂ ಇಲ್ಲ. ರಂಗದ ಹಿಂದಿದ್ದ ಅವಳ ಕಡೆ ಮುಖ ಮಾಡಿ, ಹೊದಿಕೆಯ ಮರೆಯಲ್ಲಿ ಉಬ್ಬಸದ ಪಂಪು ಬಾಯಿಗೆ ಒತ್ತಿಕೊಂಡು, ಒಮ್ಮೊಮ್ಮೆ ಕಣ್ಣು ಮಿಟುಕಿಸಿ ಮತ್ತೆ ರಾಜನಾಗುತ್ತಿದ್ದ.

ಸಂಶೋಧಕಿ ಜೇಬಿನ ವಿಷಯ ಕೇಳಿರಲಿಲ್ಲ, ಇವಳು ಹೇಳಿರಲಿಲ್ಲ. ಈಗ ತಪ್ಪೆಲ್ಲ ತನ್ನದೇ ಎನಿಸಿತು.

ಚಹಾ ವಿರಾಮದಲ್ಲಿ ಅಧ್ಯಕ್ಷತೆ ವಹಿಸಿದ್ದ ಬೊಕ್ಕತಲೆಯ ಪ್ರೊಫೆಸರು ಆ ಹುಡುಗಿಗೆ, “ಈ ಪ್ರಬಂಧ ನಮ್ಮ ಸಂಪುಟಕ್ಕೆ ಬೇಕೇ ಬೇಕು,” ಎನ್ನುತ್ತಿದ್ದರು. ದರ್ಜಿಯಕ್ಕನ ಬಿಸ್ಕತ್ತು ಚಹಾದೊಳಗೆ ಮುರಿದು ಬಿತ್ತು.

“ಹೇಳಿದ್ರೆ ಆ ಮಗು ಕೆಲಸ ಹಾಳಾಗುತ್ತೆ. ಅಣ್ಣನಿಗೆ ಕೊಟ್ಟ ಮಾತೂ ತಪ್ಪುತ್ತೆ,” ಎಂದಳು ಅತ್ತಿಗೆಯ ಕಿವಿಯಲ್ಲಿ. “ಹೇಳದೆ ಇದ್ರೆ ಸುಳ್ಳು ಪುಸ್ತಕಕ್ಕೆ ಹೋಗುತ್ತೆ.”

“ಮೂವರಿಗೇ ಗೊತ್ತು ಅಂತ ಇನ್ನೂ ಅಂದ್ಕೊಂಡಿದೀಯಾ? ಆ ಬಟ್ಟೆ ಒಗೀತಿದ್ದೋಳು ಯಾರು? ಜೇಬು ಕೈಗೆ ಸಿಗಲ್ವಾ ನಂಗೆ?” ಅತ್ತಿಗೆ ಅವಳ ಲೋಟ ಕಸಿದುಕೊಂಡಳು. “ಹೋಗು. ಬಟ್ಟೆ ತಪ್ಪು ಕತ್ತರಿಸಿದ್ರೆ ಗಿರಾಕಿಗೆ ಹೇಳ್ದೆ ಇರ್ತೀಯಾ?”

ಮೆಟ್ಟಿಲ ಬಳಿ ದರ್ಜಿಯಕ್ಕ ಸಂಶೋಧಕಿಯನ್ನು ತಡೆದಳು. ತೊದಲುತ್ತಲೇ ಎಲ್ಲ ಹೇಳಿದಳು, ನಡುವೆ ಮೂರು ಸಲ ಕ್ಷಮೆ ಕೇಳಿದಳು. ಹುಡುಗಿ ಕೈಯಲ್ಲಿದ್ದ ಹಾಳೆಗಳನ್ನು ಸುರುಳಿ ಸುತ್ತಿದಳು, ಬಿಚ್ಚಿದಳು.

“ಎರಡು ವರ್ಷದ ಕೆಲಸ, ಆಂಟಿ,” ಎಂದಳು ಮೆಲ್ಲಗೆ. ಹಾಳೆಗಳನ್ನು ಮಡಚಿಟ್ಟು, “ಒಳಗೆ ನೀವೇ ಹೇಳ್ತೀರಾ? ನಾನು ಹೇಳಿದ್ರೆ ಅರ್ಧ ಹೇಳ್ತೀನಿ.”

ಚರ್ಚೆ ಶುರುವಾದಾಗ ದರ್ಜಿಯಕ್ಕ ಎದ್ದಳು. ಮಾತು ಹೊರಡದೆ ಅಳತೆ ಪುಸ್ತಕ ತೆರೆದು ಓದಿದಳು. “ರಾಜ. ಎದೆ ಮೂವತ್ತಾರು. ಬಲಗಡೆ ಒಳಜೇಬು, ನಾಲ್ಕು ಬೆರಳು ಆಳ.” ಆಮೇಲೆ ಪಂಪಿನ ಕಥೆ ಹೇಳಿದಳು. ಪತ್ರಿಕೆಯವರು ಹೊಗಳಿದ ಅಳು ಏನೆಂದು ಹೇಳಿದಾಗ ಯಾರೋ ನಕ್ಕರು. ಎಲ್ಲರಿಗಿಂತ ಜೋರಾಗಿ ಅತ್ತಿಗೆ ನಕ್ಕಳು.

“ಹಾಗಾದರೆ ಉಳಿದ ಫೋಟೋಗಳು?” ಎಂದರು ಪ್ರೊಫೆಸರು. “ಅವುಗಳಲ್ಲಿ ಇನ್ನಿಬ್ಬರು ಬೇರೆ ನಟರಿದ್ದಾರೆ. ಅವರಿಗೂ ಉಬ್ಬಸವಿತ್ತೋ?”

“ಇಲ್ಲಪ್ಪ, ಗುಂಡುಕಲ್ಲಿನ ಹಾಗಿದ್ರು.” ದರ್ಜಿಯಕ್ಕ ಪುಟ ತಿರುವಿದಳು. “ಅಣ್ಣ ಪಾತ್ರ ಬಿಟ್ಟ ಮೇಲೆ ಬಂದವನದ್ದು ಇಲ್ಲಿದೆ. ‘ರಾಜ. ಎದೆ ನಲವತ್ತು. ಕೈ ಇಡೋಕೆ ಜೇಬು ಬೇಕಂತೆ.’ ಯಾಕಪ್ಪ ಅಂತ ಕೇಳ್ದೆ. ರಾಜ ಅಂದ್ಮೇಲೆ ಕೈ ಅಲ್ಲೇ ಇರ್ಬೇಕಲ್ವಾ, ಗ್ರೀಸಿನಲ್ಲಿ ಹಂಗೇ ನಿಲ್ತಿದ್ರಂತೆ ಅಂದ. ಅವನ ನಂತರದವನೂ ಅದನ್ನೇ ಅಂದ. ನಾನು ಬಾಯಿಬಿಡೋ ಹಾಗಿರ್ಲಿಲ್ಲ. ಹೊಲಿದುಕೊಟ್ಟೆ. ಖಾಲಿ ಜೇಬು.”

ಎಲ್ಲರೂ ತಿರುಗಿ ಅವಳನ್ನೇ ನೋಡಿದರು. ಏನೋ ತಪ್ಪು ಹೇಳಿದೆನೆಂದು ದರ್ಜಿಯಕ್ಕ ಕುಳಿತುಬಿಟ್ಟಳು. ಸಂಶೋಧಕಿ ಮಾತ್ರ ಅವಸರವಸರವಾಗಿ ಬರೆಯುತ್ತಿದ್ದಳು, ಹಾಳೆಯ ಅಂಚಿನಲ್ಲಿ ಜಾಗ ಸಾಲದೆ ಹಿಂಬದಿಗೂ.

“ನಾವು ಇಲ್ಲಿ ಎರಡು ದಿನ ಮಾತಾಡ್ತಿರೋದೇ ಇದನ್ನ,” ಎಂದರು ಪ್ರೊಫೆಸರು. “ಒಬ್ಬರ ಉಬ್ಬಸ ಹತ್ತು ವರ್ಷದಲ್ಲಿ ಗ್ರೀಸ್ ಆಗಿಬಿಡ್ತು! ಪ್ರಬಂಧ ಬಿದ್ದುಹೋಗಿಲ್ಲಮ್ಮ, ಇನ್ನೊಮ್ಮೆ ಬರಿ. ಇವರ ಪುಸ್ತಕ ಎದುರಿಗೆ ಇಟ್ಟುಕೊಂಡು ಬರಿ.”

ಸಂಜೆ ಹೊರಡುವಾಗ ಸಂಶೋಧಕಿ ಓಡಿಬಂದು ಅಣ್ಣನ ಚಿತ್ರದ ಒಂದು ಪ್ರತಿ ಕೈಗಿಟ್ಟಳು. “ನಿಮ್ಮಿಂದ ಉಳ್ಕೊಂಡೆ, ಆಂಟಿ. ಅಚ್ಚಾದ ಮೇಲೆ ಗೊತ್ತಾಗಿದ್ರೆ ಮಾನ ಹೋಗ್ತಿತ್ತು.”

“ನಾನು ಮೊದಲೇ ಹೇಳಬೇಕಿತ್ತಮ್ಮ...”

“ಶುರುವಾಯ್ತು,” ಎಂದಳು ಅತ್ತಿಗೆ.

ಬಸ್ಸಿನಲ್ಲಿ ದರ್ಜಿಯಕ್ಕ ಚಿತ್ರವನ್ನು ಬೆಳಕಿಗೆ ಹಿಡಿದಳು. ದಿನದ ಹೊಲಿಗೆ ಮುಗಿದ ಮೇಲೆ ಓದಲೆಂದು ಅವಳನ್ನು ಸಂಜೆ ತರಗತಿಗೆ ಸೇರಿಸಿದವನು ಇವನೇ. ಚಳಿಯಲ್ಲಿ ಶಾಲೆಯ ಗೇಟಿನ ಹತ್ತಿರ ಅವಳಿಗಾಗಿ ಕಾಯುತ್ತ ನಿಂತಾಗಲೂ ಅವನ ಕೈ ಕೋಟಿನೊಳಗೆ ಹೀಗೇ ಇರುತ್ತಿತ್ತು. ಮುಂದಿನಿಂದ ಅಣ್ಣ ನಿಜಕ್ಕೂ ರಾಜನಂತೆಯೇ ಕಾಣುತ್ತಿದ್ದ. ತೋರಿಸಿಕೊಟ್ಟ ಆ ಹುಡುಗಿ ಚೆನ್ನಾಗಿರಲಿ ಎಂದುಕೊಂಡಳು.

“ಅಂಚು ಒಂದು ಕಡೆ ಇಳಿದಿದೆ ನೋಡು,” ಎಂದಳು ಅತ್ತಿಗೆಗೆ, ಕೆಂಪು ಪಟ್ಟಿಯನ್ನು ಬೆರಳಲ್ಲಿ ತೋರಿಸುತ್ತ.

“ಯಾರಿಗೂ ಹೇಳಬೇಡ. ಅದರ ಮೇಲೂ ಒಂದು ಪ್ರಬಂಧ ಬರೀತಾರೆ.”